ರೋಗ ಕೇಳದ ಗುರುತಿನ ಚೀಟಿ ಆಸ್ಪತ್ರೆಗೇಕೆ?

ಗಂಗಾವತಿಯಿಂದ ಕಾರಟಗಿ ಮಾರ್ಗವಾಗಿ ಸಿಂಧನೂರಿಗೆ ಹೊರಟವರು ಮರಳಿ, ಶ್ರೀರಾಮನಗರಗಳನ್ನು ದಾಟುತ್ತಿದ್ದಂತೆ ಊರಿನ ಹೆಸರುಗಳಿಗೆ ‘ಕ್ಯಾಂಪ್’ ಎಂಬ ಬಾಲ ಅಂಟಿಕೊಳ್ಳುವುದನ್ನು ಗಮನಿಸಿರಬಹುದು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಹರಿದ ನಂತರ ಕರಾವಳಿ ಆಂಧ್ರದ ರೈತರು ಇಲ್ಲಿಗೆ ಬಂದು ಭೂಮಿ ಖರೀದಿಸಿ, ಗುಡಿಸಲು ಹಾಕಿ, ಭತ್ತ ನಾಟಿ ಮಾಡಿದರು. ಆ ಗುಡಿಸಲುಗಳೇ ಇಂದು ಆರ್‌ಸಿಸಿ ಮನೆಗಳ ಊರುಗಳಾಗಿವೆ. ಮರಳಿಯಂಥ ಹಳೆಯ ಗ್ರಾಮಗಳು ಮತ್ತು ಈ ಕ್ಯಾಂಪುಗಳು ಒಂದೇ ಕಾಲುವೆಯ ನೀರು ಕುಡಿದು, ಒಂದೇ ಸಂತೆಗೆ ಹೋಗಿ, ಜ್ವರ ಬಂದಾಗ ಒಂದೇ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತ ಬಂದಿವೆ.

ಅದೇ ರಸ್ತೆಯಲ್ಲಿ ಮುಂದೆ ಸಾಗಿ ಸಿಂಧನೂರು ತಾಲೂಕು ಹೊಕ್ಕರೆ ಇನ್ನೊಂದು ಬಗೆಯ ಕ್ಯಾಂಪುಗಳಿವೆ. ಅವಕ್ಕೆ ಹೆಸರಿಲ್ಲ, ಸಂಖ್ಯೆಗಳಿವೆ: ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು ಎಂದು. ಸುತ್ತಲಿನ ಜನ ಇವನ್ನು ಬಂಗಾಲಿ ಕ್ಯಾಂಪ್ ಎನ್ನುತ್ತಾರೆ. ಆಂಧ್ರದಿಂದ ಬಂದವರು ಹಣ ತಂದರು, ಪಹಣಿ ಪಡೆದರು, ಮತದಾರರಾದರು, ಕಾಲಕ್ರಮದಲ್ಲಿ ರಾಜಕೀಯ ಶಕ್ತಿಯೂ ಆದರು. ಪೂರ್ವ ಬಂಗಾಲದಿಂದ ಓಡಿ ಬಂದವರ ಕತೆ ಹಾಗಲ್ಲ. ಅವರಲ್ಲಿ ಒಂದು ಭಾಗದ ಜನ ಅರ್ಧ ಶತಮಾನದ ನಂತರವೂ ತಾವು ಯಾರೆಂಬುದನ್ನು ಕಾಗದದ ಮೂಲಕ ಸಾಬೀತುಪಡಿಸುತ್ತಲೇ ಇದ್ದಾರೆ.

ಕೋವಿಡ್ ಮಹಾಮಾರಿ ಈ ಎರಡು ಬಗೆಯ ಕ್ಯಾಂಪುಗಳ ನಡುವೆ ಭೇದ ಮಾಡಲಿಲ್ಲ. ಭೇದ ಮಾಡಿದ್ದು ವ್ಯವಸ್ಥೆ. ಮಹಾಮಾರಿಯ ಗದ್ದಲ ಅಡಗಿ, ಜನರ ನೆನಪಿನಿಂದ ಮಾಸ್ಕ್ ಮರೆಯಾಗಿರುವ ಈ ಹೊತ್ತಿನಲ್ಲಿ ಆ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳಲು ಕಾರಣವಿದೆ. ಆಗ ತುರ್ತಿನಲ್ಲಿ ಮಾಡಿದ ತಿದ್ದುಪಡಿಗಳು ಆ ತುರ್ತಿನೊಂದಿಗೇ ಮುಗಿದುಹೋದವು.

ಕ್ಯಾಂಪಿನ ಹಿನ್ನೆಲೆ

1964ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ನಡೆದ ಕೋಮುಗಲಭೆಗಳ ನಂತರ ಭಾರತಕ್ಕೆ ಬಂದ ಹಿಂದೂ ಕುಟುಂಬಗಳಿಗೆ ಪಶ್ಚಿಮ ಬಂಗಾಲದಲ್ಲಿ ಜಾಗ ಸಾಲದಾಯಿತು. ಕೇಂದ್ರ ಸರ್ಕಾರ ಅವರನ್ನು ರಾಯಪುರದ ಬಳಿಯ ಮಾನಾ ಶಿಬಿರದಂತಹ ತಾಣಗಳಲ್ಲಿ ಇರಿಸಿ, ಅಲ್ಲಿಂದ ದಂಡಕಾರಣ್ಯಕ್ಕೂ ಬೇರೆ ಬೇರೆ ರಾಜ್ಯಗಳಿಗೂ ಹಂಚಿತು. ಹಾಗೆ ಹಂಚಿದಾಗ ಆಗಿನ ಮೈಸೂರು ರಾಜ್ಯದ ಪಾಲಿಗೆ ಬಂದವರಿಗೆ ಸಿಂಧನೂರು ತಾಲೂಕಿನ ನೀರಾವರಿ ಪ್ರದೇಶದಲ್ಲಿ ನೆಲೆ ಕಲ್ಪಿಸಲಾಯಿತು. ಬರ್ಮಾದಿಂದ ಹಿಂದಿರುಗಿದ ಕುಟುಂಬಗಳಿಗೂ ಇಲ್ಲಿಯೇ ಜಾಗ ಸಿಕ್ಕಿತು. ಒಟ್ಟು ಒಂಬೈನೂರಕ್ಕೂ ಹೆಚ್ಚು ಕುಟುಂಬಗಳಿಗೆ ಮನೆ ಮತ್ತು ಕೆಲವು ಎಕರೆ ಜಮೀನು ದೊರೆಯಿತು. ಆಗ ಗಂಗಾವತಿಯೂ ಸಿಂಧನೂರೂ ಒಂದೇ ರಾಯಚೂರು ಜಿಲ್ಲೆಯಲ್ಲಿದ್ದವು. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದ ಮೇಲೆ ನಡುವೆ ಗೆರೆ ಬಿತ್ತು.

ಮೊದಲು ಬಂದವರಲ್ಲಿ ಹೆಚ್ಚಿನವರು ಪೌರತ್ವ ಪಡೆದರು. ಸಮಸ್ಯೆ ಇರುವುದು ನಂತರ ಬಂದವರದು. 1971ರ ಮಾರ್ಚ್ 25ರ ನಂತರ ಬಾಂಗ್ಲಾದೇಶದಿಂದ ಬಂದು ಬಂಧುಗಳ ಆಸರೆ ಹಿಡಿದು ಇಲ್ಲಿ ನೆಲೆಸಿದವರು ಕಾನೂನಿನ ಕಣ್ಣಿನಲ್ಲಿ ನಿರಾಶ್ರಿತರೂ ಅಲ್ಲ, ನಾಗರಿಕರೂ ಅಲ್ಲ. 2003ರಲ್ಲಿ ಪೌರತ್ವ ಕಾಯ್ದೆಗೆ ತಂದ ತಿದ್ದುಪಡಿ ಅವರನ್ನು ‘ಅಕ್ರಮ ವಲಸಿಗರು’ ಎಂಬ ವರ್ಗಕ್ಕೆ ಸೇರಿಸಿತು. ಅಷ್ಟೇ ಅಲ್ಲ, 2004ರ ಡಿಸೆಂಬರ್ 3ರ ನಂತರ ಇಲ್ಲಿಯೇ ಹುಟ್ಟಿದ ಮಗುವಿನ ತಂದೆ ತಾಯಿಯರಲ್ಲಿ ಒಬ್ಬರು ಆ ವರ್ಗಕ್ಕೆ ಸೇರಿದ್ದರೂ ಮಗುವಿಗೆ ಹುಟ್ಟಿನಿಂದ ಪೌರತ್ವ ಸಿಗದಂತಾಯಿತು. ಒಂದೇ ಮನೆಯಲ್ಲಿ ಅಜ್ಜ ನಾಗರಿಕ, ಸೊಸೆ ಅಲ್ಲ, ಮೊಮ್ಮಗ ಅನುಮಾನ ಎಂಬ ಸ್ಥಿತಿ ಹುಟ್ಟಿದ್ದು ಹೀಗೆ. ಇವರಲ್ಲಿ ಬಹುಪಾಲು ನಾಮಶೂದ್ರ ಸಮುದಾಯದವರು. ಪಶ್ಚಿಮ ಬಂಗಾಲದಲ್ಲಿ ಈ ಸಮುದಾಯ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದೆ. ಕರ್ನಾಟಕದಲ್ಲಿಯೂ ಆ ಮಾನ್ಯತೆ ಬೇಕೆಂಬುದು ಕ್ಯಾಂಪಿನ ಜನರ ಹಳೆಯ ಬೇಡಿಕೆ.

ಹಸಿರು ವಲಯದ ನೆಮ್ಮದಿ

2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ದೇಶದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವು ಅದು. ಆದರೂ ಮೇ ತಿಂಗಳ ಆರಂಭದಲ್ಲಿ ಕೇಂದ್ರ ಪ್ರಕಟಿಸಿದ ಪಟ್ಟಿಯಲ್ಲಿ ಕೊಪ್ಪಳ, ರಾಯಚೂರು, ಯಾದಗಿರಿ ಜಿಲ್ಲೆಗಳು ಹಸಿರು ವಲಯದಲ್ಲಿದ್ದವು. ಈ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹಳ್ಳಿಗಳಿಂದ ಗೋವಾ, ಮಂಗಳೂರು, ಮುಂಬಯಿ, ಬೆಂಗಳೂರಿಗೆ ಗುಳೆ ಹೋದವರು ಮರಳತೊಡಗಿದರು. ಮೇ 18ರಂದು ರಾಜ್ಯ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು ಮತ್ತು ಕೇರಳದಿಂದ ಬರುವವರಿಗೆ ತಿಂಗಳ ಅಂತ್ಯದವರೆಗೆ ಪ್ರವೇಶ ನಿರ್ಬಂಧಿಸಿತು. ತಡೆಯಲ್ಪಟ್ಟವರಲ್ಲಿ ದೊಡ್ಡ ಪಾಲು ಕನ್ನಡದ ಕೂಲಿಕಾರರೇ ಎಂಬುದನ್ನು ಆಗ ಹೆಚ್ಚು ಜನ ಗಮನಿಸಲಿಲ್ಲ. ಹುಟ್ಟಿದ ಊರಿನ ಬಾಗಿಲಲ್ಲಿ ನಿಂತು ‘ಎಲ್ಲಿಂದ ಬಂದಿರಿ, ಕಾಗದ ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಅವಸ್ಥೆ ಬಂಗಾಲಿ ಕ್ಯಾಂಪಿನವರಿಗೆ ಹಳತು, ಯಲಬುರ್ಗಾದವರಿಗೆ ಹೊಸತು. ವ್ಯತ್ಯಾಸ ಅಷ್ಟೇ.

ಇಲ್ಲಿ ಕಾಲದ ಸಂದರ್ಭವನ್ನು ಮರೆಯುವಂತಿಲ್ಲ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಅಂಗೀಕಾರವಾಗಿತ್ತು. 2020ರ ಏಪ್ರಿಲ್‌ನಿಂದ ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಕೆಲಸ ಆರಂಭವಾಗಬೇಕಿತ್ತು. ಅದೇ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶೀಯರು’ ಎಂಬ ಆರೋಪದ ಮೇಲೆ ಕೂಲಿಕಾರರ ಶೆಡ್‌ಗಳನ್ನು ನೆಲಸಮ ಮಾಡಲಾಯಿತು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರೊಂದಿಗೆ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಈ ಕ್ರಮವನ್ನು ತೀವ್ರವಾಗಿ ತರಾಟೆಗೆ ತೆಗೆದುಕೊಂಡಿತು. ಇದಾಗಿ ಎರಡು ತಿಂಗಳಲ್ಲಿ ಲಾಕ್‌ಡೌನ್ ಬಂತು. ಆಶಾ ಕಾರ್ಯಕರ್ತೆಯರು ಪಟ್ಟಿ ಹಿಡಿದು ಮನೆಮನೆಗೆ ಹೊರಟರು. ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನ ಸಾದಿಕ್ ಬಡಾವಣೆಯಲ್ಲಿ ಸಮೀಕ್ಷೆಗೆ ಹೋದ ಕಾರ್ಯಕರ್ತೆಯ ಮೇಲೆ ಹಲ್ಲೆ ನಡೆಯಿತು. ಇದು ಪೌರತ್ವದ ಪಟ್ಟಿಗೆ ಮಾಹಿತಿ ಸಂಗ್ರಹ ಎಂಬ ಗುಮಾನಿ ಹರಡಿದ್ದೂ ಅದಕ್ಕೆ ಕಾರಣವೆಂದು ಆಗ ವರದಿಯಾಯಿತು. ಹಲ್ಲೆಗೆ ಸಮರ್ಥನೆ ಇಲ್ಲ. ಆದರೆ ಆರೋಗ್ಯ ಇಲಾಖೆ ಒಂದು ಪಾಠ ಕಲಿಯಬೇಕಿತ್ತು. ಹೆಸರು ಬರೆದುಕೊಳ್ಳುವ ಕೈ ಔಷಧ ಕೊಡಲು ಬಂದದ್ದೋ ಗಡೀಪಾರು ಮಾಡಲು ಬಂದದ್ದೋ ಎಂಬ ಅನುಮಾನ ಇರುವಲ್ಲಿ ಜ್ವರ ಬಂದವನು ಜ್ವರವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ಜ್ವರ ಪಕ್ಕದ ಊರಿಗೂ ಹರಡುತ್ತದೆ.

ಒಂದು ಕಾಗದಕ್ಕೆ ಇನ್ನೊಂದು ಕಾಗದ

ಕಾಗದ ಇಲ್ಲದವರಿಗೆ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ಕೊಡುವುದಿಲ್ಲ ಎಂದು ಯಾವ ಆದೇಶವೂ ಹೇಳಿಲ್ಲ. ಹೇಳಲು ಸಂವಿಧಾನ ಬಿಡುವುದೂ ಇಲ್ಲ. 21ನೇ ವಿಧಿ ಜೀವದ ಹಕ್ಕನ್ನು ‘ನಾಗರಿಕ’ನಿಗಲ್ಲ, ‘ವ್ಯಕ್ತಿ’ಗೆ ಕೊಟ್ಟಿದೆ. ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಅದೇ ವರ್ಷ ಪಶ್ಚಿಮ ಬಂಗಾಲದ ಖೇತ್ ಮಜ್ದೂರ್ ಸಮಿತಿಯ ಪ್ರಕರಣದಲ್ಲಿ, ತುರ್ತು ಚಿಕಿತ್ಸೆ ನಿರಾಕರಿಸುವುದು ಜೀವದ ಹಕ್ಕಿನ ಉಲ್ಲಂಘನೆ ಎಂದೂ ಹೇಳಿತು. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನೂ ಇಲ್ಲ ಎಂಬುದು ನಿಜ. ಆದರೆ ಆಸ್ಪತ್ರೆಯ ಮಟ್ಟಿಗೆ ನಮ್ಮ ಸಂವಿಧಾನವೇ ಸಾಕು.

ತೊಡಕು ಇರುವುದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಲ್ಲ, ಅದರ ಮುಂದಿನ ಮೆಟ್ಟಿಲುಗಳಲ್ಲಿ. ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ವಿಲೀನವಾಯಿತು. ಅದರಲ್ಲಿ ಬಿಪಿಎಲ್ ಪಡಿತರ ಚೀಟಿ ಇದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಉಳಿದವರಿಗೆ ವೆಚ್ಚದ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. ಹೃದಯದ ಶಸ್ತ್ರಚಿಕಿತ್ಸೆಗೋ ಕ್ಯಾನ್ಸರಿಗೋ ಹೋಗಬೇಕಾದ ಬಡವನಿಗೆ ಪಡಿತರ ಚೀಟಿಯೇ ಜೀವವಿಮೆ. ಪಡಿತರ ಚೀಟಿಗೆ ಆಧಾರ್ ಬೇಕು. ಆಧಾರ್‌ಗೆ ಜನನ ಅಥವಾ ವಿಳಾಸದ ದಾಖಲೆ ಬೇಕು. ಕಾನೂನಿನ ಪ್ರಕಾರ ಆಧಾರ್ ಪೌರತ್ವದ ಪುರಾವೆ ಅಲ್ಲ, ವಾಸದ ಗುರುತು ಮಾತ್ರ. 182 ದಿನ ದೇಶದಲ್ಲಿ ವಾಸವಿದ್ದವರು ಅದಕ್ಕೆ ಅರ್ಜಿ ಹಾಕಬಹುದೆಂದು 2016ರ ಕಾಯ್ದೆ ಹೇಳುತ್ತದೆ. ಕಚೇರಿಯ ಕಿಟಕಿಯ ಬಳಿ ಮಾತ್ರ ಈ ವ್ಯತ್ಯಾಸ ಉಳಿಯುವುದಿಲ್ಲ. ಅಲ್ಲಿ ಪ್ರತಿ ಕಾಗದವೂ ಪೌರತ್ವದ ವಿಚಾರಣೆಯಾಗಿ ಪರಿಣಮಿಸುತ್ತದೆ. ಹೀಗೆ, ಪೊಲೀಸರು ಕೇಳಬೇಕಾದ ಪ್ರಶ್ನೆಯನ್ನು ಗುಮಾಸ್ತ ಕೇಳುತ್ತಾನೆ. ರೋಗಿ ಉತ್ತರಿಸುವ ಬದಲು ಎದ್ದು ಹೋಗುತ್ತಾನೆ.

ಲಸಿಕೆಯ ವಿಷಯದಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಂಡಿತು. 2021ರ ಜನವರಿ 16ರಂದು ಲಸಿಕಾ ಅಭಿಯಾನ ಆರಂಭವಾಯಿತು. ಕೋ-ವಿನ್ ತಂತ್ರಾಂಶದಲ್ಲಿ ನೋಂದಣಿಗೆ ಏಳು ಬಗೆಯ ಗುರುತಿನ ಚೀಟಿಗಳಲ್ಲಿ ಒಂದು ಬೇಕಿತ್ತು: ಆಧಾರ್, ಮತದಾರರ ಚೀಟಿ, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಪ್ಯಾನ್ ಇತ್ಯಾದಿ. ಈ ಏಳರಲ್ಲಿ ಯಾವುದೂ ಇಲ್ಲದವರು ಈ ದೇಶದಲ್ಲಿ ಇದ್ದಾರೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಅಧಿಕೃತವಾಗಿ ಒಪ್ಪಿ ಪ್ರತ್ಯೇಕ ಕಾರ್ಯವಿಧಾನ ಹೊರಡಿಸಿದ್ದು ಮೇ 6ರಂದು. ಅಂದರೆ 110 ದಿನಗಳ ನಂತರ, ಎರಡನೆಯ ಅಲೆ ಉತ್ತುಂಗದಲ್ಲಿದ್ದಾಗ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಸತ್ತ ದುರಂತ ನಡೆದು ಕೆಲವೇ ದಿನಗಳಾಗಿದ್ದಾಗ.

ಆ ಕಾರ್ಯವಿಧಾನವನ್ನು ಓದಿದರೆ, ತಡವಾದರೂ ಅದು ಸರಿಯಾದ ಚಿಂತನೆ ಎನ್ನಬೇಕು. ಅಲೆಮಾರಿಗಳು, ಸಾಧುಗಳು, ಕೈದಿಗಳು, ವೃದ್ಧಾಶ್ರಮದವರು, ಭಿಕ್ಷುಕರು ಮತ್ತು ಪುನರ್ವಸತಿ ಶಿಬಿರಗಳಲ್ಲಿರುವವರನ್ನು ಅದು ಹೆಸರಿಸಿತು. ಜಿಲ್ಲಾ ಕಾರ್ಯಪಡೆಗಳು ಇಂಥವರನ್ನು ತಾವೇ ಗುರುತಿಸಬೇಕು. ಪ್ರತಿ ಗುಂಪಿಗೆ ಗುರುತಿನ ಚೀಟಿ ಮತ್ತು ಮೊಬೈಲ್ ಇರುವ ಒಬ್ಬ ನೆರವಿಗನನ್ನು ನೇಮಿಸಬೇಕು. ಅವನ ಹೊಣೆಯಲ್ಲಿ ಉಳಿದವರಿಗೆ ವಿಶೇಷ ಶಿಬಿರದಲ್ಲಿ ಲಸಿಕೆ ಹಾಕಬೇಕು. ನೀನು ಯಾರು ಎಂಬ ಪ್ರಶ್ನೆಯ ಜಾಗದಲ್ಲಿ ನೀನು ಎಲ್ಲಿ ವಾಸವಿದ್ದೀಯೆ ಎಂಬ ಪ್ರಶ್ನೆ ಬಂತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಸಹ, ಸ್ಮಾರ್ಟ್ ಫೋನ್ ಇಲ್ಲದವರು ಕೋ-ವಿನ್‌ನಲ್ಲಿ ನೋಂದಾಯಿಸುವುದು ಹೇಗೆ ಎಂದು ಸರ್ಕಾರವನ್ನು ಪ್ರಶ್ನಿಸಿತು. ಈ ಒಳ್ಳೆಯ ಆದೇಶ ಕೋವಿಡ್ ಲಸಿಕೆಗೆ ಮಾತ್ರ ಅನ್ವಯಿಸುವಂಥದು ಎಂಬುದೇ ಕೊರತೆ. ಕ್ಷಯಕ್ಕೆ, ಡಯಾಲಿಸಿಸ್‌ಗೆ, ಹೆರಿಗೆಯ ತೊಡಕಿಗೆ ದೊಡ್ಡಾಸ್ಪತ್ರೆಗೆ ಕಳುಹಿಸಬೇಕಾದಾಗ ಮತ್ತೆ ಹಳೆಯ ಕಾಗದದ ಸರಪಳಿಯೇ.

ಮೂಲ ಊರಿನವರ ದೂರು

ವಿಶ್ವಸಂಸ್ಥೆಯ ಕಡತಗಳಲ್ಲಿ ‘ಆತಿಥೇಯ ಸಮುದಾಯ’ ಎಂಬ ಸೊಗಸಾದ ಪದವಿದೆ. ನಮ್ಮ ಕಡೆ ಮೂಲ ಊರಿನವರು ಎಂದರೆ ಸಾಕು. ಇವರ ದೂರನ್ನು ಅಸೂಯೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ‘ನಮಗೇ ಹಾಸಿಗೆ ಇಲ್ಲ, ಹೊರಗಿನವರಿಗೆ ಎಲ್ಲಿಂದ ತರೋಣ’ ಎಂಬ ಮಾತಿನ ಮೊದಲ ಅರ್ಧ ಅಕ್ಷರಶಃ ಸತ್ಯ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಕುಷ್ಟಗಿ, ಯಲಬುರ್ಗಾ, ಸಿಂಧನೂರು ಮೂರೂ ಇವೆ. 371(ಜೆ) ವಿಧಿ ಬಂದು ದಶಕ ದಾಟಿದೆ. ರಾಯಚೂರಿನಲ್ಲಿ 2007ರಲ್ಲಿ, ಕೊಪ್ಪಳದಲ್ಲಿ 2015ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಆರಂಭವಾದವು. ಅದಕ್ಕೂ ಮುಂಚೆ ಮಹಾಮಾರಿ ಬಂದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದೂ ಕಷ್ಟ. 2021ರ ಮೇ ತಿಂಗಳಲ್ಲಿ ಕೊಪ್ಪಳದ ಗವಿಮಠವೇ ತನ್ನ ಕಟ್ಟಡವನ್ನು ಕೋವಿಡ್ ಆರೈಕೆಗೆ ತೆರೆಯಬೇಕಾಗಿ ಬಂತು ಎಂಬುದರಲ್ಲಿ ಮಠದ ಔದಾರ್ಯದ ಜೊತೆಗೆ ವ್ಯವಸ್ಥೆಯ ಬಡತನವೂ ಇದೆ.

ದೂರಿನ ಎರಡನೆಯ ಅರ್ಧವನ್ನು ಮಾತ್ರ ಪರೀಕ್ಷಿಸಬೇಕು. ನಮ್ಮ ಆರೋಗ್ಯ ವ್ಯವಸ್ಥೆ ತಲೆ ಎಣಿಕೆಯ ಮೇಲೆ ನಿಂತಿದೆ. ಬಯಲು ಸೀಮೆಯಲ್ಲಿ 30 ಸಾವಿರ ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1 ಲಕ್ಷ 20 ಸಾವಿರಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ, ಸಾವಿರ ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ಒಪ್ಪಿತ ಮಾನದಂಡ. ಮಾತ್ರೆಯ ಬೇಡಿಕೆ ಪಟ್ಟಿ, ಲಸಿಕೆಯ ಹಂಚಿಕೆ, ದಾದಿಯರ ಹುದ್ದೆ ಎಲ್ಲಕ್ಕೂ ಜನಸಂಖ್ಯೆಯೇ ಆಧಾರ. ಈಗ ಒಂದು ಕ್ಯಾಂಪಿನಲ್ಲಿ ಕೆಲವು ನೂರು ಜನ ಯಾವ ಪಟ್ಟಿಯಲ್ಲೂ ಇಲ್ಲ ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೆ ಅವರಿಗೆ ಜ್ವರ ಬರುವುದು ನಿಲ್ಲುವುದಿಲ್ಲ. ಅವರು ಅದೇ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ. ಮಾತ್ರೆ ಬಂದಿರುವುದು ಪಟ್ಟಿಯಲ್ಲಿರುವವರ ಲೆಕ್ಕಕ್ಕೆ, ಖರ್ಚಾಗುವುದು ಎಲ್ಲರಿಗೆ. ತಿಂಗಳ ಕೊನೆಯ ವಾರದಲ್ಲಿ ಔಷಧ ಮುಗಿದಾಗ ಬರಿಗೈಯಲ್ಲಿ ವಾಪಸು ಹೋಗುವವನು ಮೂಲ ಊರಿನವನೂ ಆಗಿರುತ್ತಾನೆ. ಆತ ಬಂಗಾಲಿಯ ಮೇಲೆ ಸಿಟ್ಟಾಗುತ್ತಾನೆ. ಸಿಟ್ಟಾಗಬೇಕಾದದ್ದು ಲೆಕ್ಕದ ಮೇಲೆ. ನಿರಾಶ್ರಿತನನ್ನು ಎಣಿಸಿದರೆ ಅವನ ಪಾಲಿನ ದಾದಿ, ಅವನ ಪಾಲಿನ ಔಷಧ ಆ ತಾಲೂಕಿಗೆ ಬರುತ್ತದೆ. ಎಣಿಸದಿದ್ದರೆ ಅವನು ನೆರೆಯವನ ಪಾಲಿನಲ್ಲಿ ಹಂಚಿಕೊಳ್ಳುತ್ತಾನೆ. ಹೊರಗಿಡುವುದರಿಂದ ಮೂಲ ಊರಿನವನಿಗೆ ಲಾಭ ಎಂಬ ನಂಬಿಕೆ ಈ ಸರಳ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಇದೇ ಮಾತು ಜಿಲ್ಲೆಯ ಗಡಿಗೂ ಅನ್ವಯಿಸುತ್ತದೆ. ಸಿಂಧನೂರಿನಿಂದ ಜಿಲ್ಲಾ ಕೇಂದ್ರ ರಾಯಚೂರು 80 ಕಿ.ಮೀ.ಗೂ ಹೆಚ್ಚು ದೂರ, ಗಂಗಾವತಿ ಅದಕ್ಕಿಂತ ಬಹಳ ಹತ್ತಿರ. ಉಸಿರು ಕಟ್ಟಿದ ರೋಗಿ ಹತ್ತಿರದ ಆಸ್ಪತ್ರೆಯನ್ನು ಹುಡುಕುತ್ತಾನೆಯೇ ಹೊರತು ಜಿಲ್ಲಾ ನಕಾಶೆಯನ್ನಲ್ಲ. ಹಾಸಿಗೆ, ಆಮ್ಲಜನಕದ ಹಂಚಿಕೆ ಮಾತ್ರ ಜಿಲ್ಲಾವಾರು ನಡೆಯಿತು.

ಗಡಿಯೇ ರೋಗಿಗಿಂತ ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ ರಾಜ್ಯದ ಇನ್ನೊಂದು ತುದಿಯಲ್ಲಿ ಕಹಿ ಉದಾಹರಣೆಯಿದೆ. 2020ರ ಮಾರ್ಚ್ ಅಂತ್ಯದಲ್ಲಿ ಕರ್ನಾಟಕ ಕಾಸರಗೋಡಿನ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಅಲ್ಲಿನ ಜನ, ಅವರಲ್ಲಿ ಕನ್ನಡಿಗರೂ ಸೇರಿ, ತಲಪಾಡಿಯಲ್ಲಿ ತಡೆಯಲ್ಪಟ್ಟರು. ಚಿಕಿತ್ಸೆ ಸಿಗದೆ ಹಲವರು ಸತ್ತರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಆದೇಶ ನೀಡಿತು. ವಿಷಯ ಸುಪ್ರೀಂ ಕೋರ್ಟ್ ತಲುಪಿ, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳ ಸಾಗಣೆಗೆ ಒಪ್ಪಂದವಾಯಿತು. ಅವರೆಲ್ಲ ಭಾರತೀಯ ನಾಗರಿಕರು, ಕೈಯಲ್ಲಿ ಎಲ್ಲ ಕಾಗದವೂ ಇದ್ದವರು. ಕಾಗದ ಇಲ್ಲದವರ ಪಾಡು ಏನಿರಬಹುದು ಎಂಬುದನ್ನು ಇದರಿಂದಲೇ ಅಳೆಯಬಹುದು.

ಬೇರೆಡೆ ಏನಾಯಿತು?

ಕರ್ನಾಟಕದಲ್ಲಿಯೇ ಭಿನ್ನ ಮಾದರಿಯೊಂದಿದೆ. 1960ರಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3 ಸಾವಿರ ಎಕರೆ ಕೊಟ್ಟು ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಿತು. 1966ರಲ್ಲಿ ಮುಂಡಗೋಡ, ಎಪ್ಪತ್ತರ ದಶಕದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲ ಸೇರಿಕೊಂಡವು. ಟಿಬೆಟನ್ನರ ಬಳಿ ಸರ್ಕಾರ ಕೊಟ್ಟ ನೋಂದಣಿ ಪತ್ರವಿದೆ, ಅವರದೇ ಆಡಳಿತದ ಆರೋಗ್ಯ ಇಲಾಖೆಯಿದೆ, ಮುಂಡಗೋಡ ಮತ್ತು ಬೈಲಕುಪ್ಪೆಗಳಲ್ಲಿ ಆಸ್ಪತ್ರೆಗಳಿವೆ. ಸುತ್ತಲಿನ ಕನ್ನಡಿಗ ಹಳ್ಳಿಗರೂ ಆ ಆಸ್ಪತ್ರೆಗಳಿಗೆ ಹೋಗುತ್ತಾರೆ. 2020ರ ಮಾರ್ಚ್‌ನಲ್ಲಿ ಮಠಗಳು ಪ್ರವಾಸಿಗರಿಗೆ ಬಾಗಿಲು ಹಾಕಿದಾಗ ಆ ನಿರ್ಧಾರವನ್ನು ಜಾರಿಗೊಳಿಸುವ ಸಂಘಟನೆ ಒಳಗೇ ಇತ್ತು. ಸಿಂಧನೂರಿನ ಬಂಗಾಲಿಗಳಿಗೆ ದಲೈಲಾಮಾ ಇಲ್ಲ, ವಿದೇಶಿ ನೆರವಿಲ್ಲ. ಅವರಿಗೆ ಇರುವುದು ಸರ್ಕಾರಿ ಆಸ್ಪತ್ರೆ ಮತ್ತು ಆಶಾ ಕಾರ್ಯಕರ್ತೆ. ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ಗೌರವಧನ ಕೇಳಿ 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, ಮುಷ್ಕರಕ್ಕೆ ಇಳಿಯಬೇಕಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು.

ವಿಪರ್ಯಾಸವೆಂದರೆ, ಇವರ ಹಿರಿಯರು ಬಿಟ್ಟುಬಂದ ನಾಡೇ ಇಂದು ಜಗತ್ತಿನ ಅತಿ ದೊಡ್ಡ ನಿರಾಶ್ರಿತ ಶಿಬಿರದ ಆತಿಥೇಯ. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ರೋಹಿಂಗ್ಯಾ ಶಿಬಿರಗಳಲ್ಲಿ ಮೊದಲ ಕೋವಿಡ್ ಪ್ರಕರಣ ಪತ್ತೆಯಾದದ್ದು 2020ರ ಮೇ 14ರಂದು. ಮುಂದಿನ ತಿಂಗಳು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ನೆರವಿನಿಂದ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕ ತೆರೆಯಿತು. ಆ ಜಿಲ್ಲೆಗೆ ಅದೇ ಮೊದಲ ಘಟಕ. ಹಾಸಿಗೆಗಳು ಸ್ಥಳೀಯರಿಗೂ ನಿರಾಶ್ರಿತರಿಗೂ ಸಮಾನ. ನಿರಾಶ್ರಿತರ ಹೆಸರಿನಲ್ಲಿ ಬಂದ ಹಣ ಸ್ಥಳೀಯರ ಉಸಿರನ್ನೂ ಉಳಿಸಿತು. ಜೋರ್ಡಾನ್ 2021ರ ಜನವರಿಯಲ್ಲಿಯೇ ತನ್ನ ನಾಗರಿಕರ ಜೊತೆಜೊತೆಗೆ ನಿರಾಶ್ರಿತರಿಗೂ ಲಸಿಕೆ ಆರಂಭಿಸಿತು. ಬಾಂಗ್ಲಾದೇಶದ ಶಿಬಿರಗಳಿಗೆ ಮಾತ್ರ ಲಸಿಕೆ ಬಂದದ್ದು ಆಗಸ್ಟ್ 10ರಂದು.

ಇನ್ನೂ ಹಿಂದಿನ ಉದಾಹರಣೆಯೊಂದಿದೆ, ಅದೂ ನಮ್ಮ ನೆಲದ್ದೇ. 1961ರಲ್ಲಿ ಆರಂಭವಾದ ಕಾಲರಾದ ಏಳನೆಯ ಮಹಾಮಾರಿ 1971ರಲ್ಲಿ ಪಶ್ಚಿಮ ಬಂಗಾಲದ ನಿರಾಶ್ರಿತ ಶಿಬಿರಗಳನ್ನು ಹೊಕ್ಕಿತು. ಬೊನಗಾಂವ್‌ನ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರ ಬಳಿ ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಿತ್ತು. ಅವರು ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲಿಯೇ ಕುಡಿಸುವ ವ್ಯವಸ್ಥೆ ಮಾಡಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಇಂದು ಮರಳಿಯ ತಾಯಿ ತನ್ನ ಮಗುವಿಗೆ ಭೇದಿಯಾದಾಗ ಅಂಗನವಾಡಿಯಿಂದ ತರುವ ಓಆರ್‌ಎಸ್ ಪೊಟ್ಟಣದ ಹಿಂದೆ ಹೆಸರು ಬರೆದಿಡದ ಆ ನಿರಾಶ್ರಿತರ ಋಣವಿದೆ. ಮಹಲನಬೀಸ್ ಅವರಿಗೆ 2023ರಲ್ಲಿ, ಮರಣಾನಂತರ, ಪದ್ಮವಿಭೂಷಣ ಸಂದಿತು.

ಮುಂದೇನು?

2024ರ ಮಾರ್ಚ್ 11ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಪ್ರಕಟವಾದವು. ಅದೇ ವರ್ಷ ಆಗಸ್ಟ್‌ನಲ್ಲಿ ಸಿಂಧನೂರು ಕ್ಯಾಂಪುಗಳ ಐವರಿಗೆ ಪೌರತ್ವ ದೊರೆತ ಸುದ್ದಿ ಬಂತು. ಧರ್ಮದ ಆಧಾರದ ಮೇಲೆ ನಿಂತ ಆ ಕಾಯ್ದೆಯ ಸರಿತಪ್ಪು ಬೇರೆಯೇ ಚರ್ಚೆ. ಇಲ್ಲಿಗೆ ಸಂಬಂಧಿಸಿದ ಅಂಶವೆಂದರೆ ಅದರ ವೇಗ. ಬಾಂಗ್ಲಾದೇಶದಿಂದ ಬಂದದ್ದಕ್ಕೆ ಒಂದು ದಾಖಲೆ, 2014ರ ಡಿಸೆಂಬರ್ 31ಕ್ಕೆ ಮುಂಚೆ ಬಂದದ್ದಕ್ಕೆ ಇನ್ನೊಂದು ದಾಖಲೆ ಬೇಕು. ರಾತ್ರೋರಾತ್ರಿ ಓಡಿ ಬಂದವರು ಟ್ರಂಕಿನಲ್ಲಿ ಕಾಗದ ತುಂಬಿಕೊಂಡು ಬಂದಿರುವುದಿಲ್ಲ. ಪೌರತ್ವದ ಅರ್ಜಿ ವರ್ಷಗಟ್ಟಲೆ ಕಾಯಬಹುದು. ಹೆರಿಗೆ ನೋವು ಕಾಯುವುದಿಲ್ಲ. ಆದ್ದರಿಂದ ಆರೋಗ್ಯವನ್ನು ಪೌರತ್ವದ ಕಡತದಿಂದ ಬಿಡಿಸಿಕೊಳ್ಳುವುದು ರಾಜ್ಯ ಸರ್ಕಾರದ ಕೈಯಲ್ಲಿರುವ ಕೆಲಸ. ಆರೋಗ್ಯ ರಾಜ್ಯಪಟ್ಟಿಯ ವಿಷಯ. 2021ರ ಮೇ ತಿಂಗಳ ಕಾರ್ಯವಿಧಾನವನ್ನು ಎಲ್ಲ ಸಾಂಕ್ರಾಮಿಕ ರೋಗಗಳಿಗೂ ತಾಯಿ-ಮಗುವಿನ ಆರೈಕೆಗೂ ವಿಸ್ತರಿಸಿ ಶಾಶ್ವತ ಆದೇಶ ಹೊರಡಿಸಲು ದಿಲ್ಲಿಯ ಅಪ್ಪಣೆ ಬೇಕಿಲ್ಲ. ಅದರಲ್ಲಿ ಒಂದು ಷರತ್ತು ಸ್ಪಷ್ಟವಾಗಿ ಇರಬೇಕು: ಆರೋಗ್ಯ ಕೇಂದ್ರದ ನೋಂದಣಿ ಪುಸ್ತಕ ಪೊಲೀಸ್ ಠಾಣೆಗೆ ಹೋಗಕೂಡದು.

ಇದು ಅಸಾಧ್ಯವೆನ್ನುವವರು ಇದೇ ಸೀಮೆಯ ಮಲೇರಿಯಾ ಕೆಲಸಗಾರನನ್ನು ನೆನಪಿಸಿಕೊಳ್ಳಬೇಕು. ಕಾಲುವೆ ನೀರಿನ ಜೊತೆಗೇ ಸೊಳ್ಳೆಯೂ ಬಂದ ಈ ಪ್ರದೇಶದಲ್ಲಿ ಮಲೇರಿಯಾ, ಮೆದುಳು ಜ್ವರಗಳು ದಶಕಗಳ ಕಾಲ ಕಾಡಿದವು. ಮಲೇರಿಯಾ ಕೆಲಸಗಾರ ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತದ ಹನಿ ತೆಗೆದು, ಮಾತ್ರೆ ಕೊಟ್ಟು, ಗೋಡೆಯ ಮೇಲೆ ತಾರೀಖು ಬರೆದು ಮುಂದಿನ ಮನೆಗೆ ಹೋಗುತ್ತಿದ್ದ. ಪಡಿತರ ಚೀಟಿ ಕೇಳುವುದು ಅವನ ಕೆಲಸದ ಭಾಗವಾಗಿರಲಿಲ್ಲ.

2021ರಲ್ಲಿ ನಡೆಯಬೇಕಿದ್ದ ಜನಗಣತಿಯನ್ನು ಅದೇ ಮಹಾಮಾರಿ ಮುಂದೂಡಿತು. 2027ರ ಮಾರ್ಚ್ 1ನ್ನು ಆಧಾರ ದಿನಾಂಕವಾಗಿಟ್ಟುಕೊಂಡು ಗಣತಿ ನಡೆಸಲು ಕೇಂದ್ರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಜನಗಣತಿ ಎಣಿಸುವುದು ನಿವಾಸಿಗಳನ್ನು, ನಾಗರಿಕರನ್ನಷ್ಟೇ ಅಲ್ಲ. ಆ ಅಂಕಿಯೇ ಮುಂದಿನ ಹಲವು ವರ್ಷ ಸಿಂಧನೂರು, ಗಂಗಾವತಿ ತಾಲೂಕುಗಳಿಗೆ ಎಷ್ಟು ಆರೋಗ್ಯ ಕೇಂದ್ರ, ಎಷ್ಟು ದಾದಿಯರು ಎಂಬುದನ್ನು ನಿರ್ಧರಿಸಲಿದೆ. ಗಣತಿದಾರ ಕ್ಯಾಂಪಿನ ಕೊನೆಯ ಬೀದಿಗೆ ಬಂದಾಗ ಬಾಗಿಲು ತೆರೆಯುವ ಧೈರ್ಯ ಅಲ್ಲಿನವರಿಗೆ ಇರಬೇಕಾದರೆ, ಅವರಿಗೆ ಆ ಭರವಸೆ ಕೊಡುವ ಕೆಲಸವನ್ನು ರಾಯಚೂರು ಮತ್ತು ಕೊಪ್ಪಳದ ಜಿಲ್ಲಾಡಳಿತಗಳು ಅದಕ್ಕೂ ಮೊದಲೇ ಮಾಡಿರಬೇಕಾಗುತ್ತದೆ.